ನಾಲ್ಕನೇ ಸರಳು

ನವೆಂಬರ್ 10, ಸೋಮವಾರ

ಉಪ್ಪುನೀರಿನ ಚೇಂಬರಿನಿಂದ ಆರೂ ಸರಳು ತೆಗೆದೆ. ಮೆಗ್ನೀಸಿಯಂ ಅಲಾಯ್. ಹೂಡಿಯ ಇ-ಸ್ಕೂಟರ್ ಕಂಪನಿಯದು, ಹ್ಯಾಂಡಲ್ ಹಿಡಿದಿಡುವ ಭಾಗಕ್ಕೆ. ಪೆನ್ನಿನಷ್ಟು ಹಗುರ. ಮೂರೇ ದಿನಕ್ಕೆ ಮೈತುಂಬಾ ಗುಳಿ. ತೊಳೆದು ಅಳೆದೆ. ನಾಲ್ಕನೆಯದು 7.96 ಮಿ.ಮೀ. ಗುಳಿ ಉಜ್ಜುವಂತಿಲ್ಲ. ಗುಳಿ ಸಮೇತ ಮೆಷಿನ್‌ನಲ್ಲಿ ಭಾರ ಹಾಕಿ, ಮುರಿಯುವವರೆಗೆ ತಿರುಗಿಸಿದರೇ ಎಷ್ಟು ಬಾಳುತ್ತದೆ ಎಂದು ತಿಳಿಯುವುದು.

ನವೆಂಬರ್ 12

ಮೊದಲ ಮೂರೂ ಅರ್ಧ ಗಂಟೆಯೊಳಗೆ ಮುರಿದವು. ಶ್ಯಾಮಲಾ ಮೇಡಂ ಮುಖ ಸಣ್ಣಗಾಯಿತು. ಈ ಟೆಸ್ಟಿಂಗ್ ಲ್ಯಾಬ್ ಅವರದು. "ಈ ಕಸ್ಟಮರ್ ಹೋದ್ರೆ ಬಾಗಿಲು ಹಾಕ್ಬೇಕು ಕಣೆ" ಎಂದರು. ಪಾಪ ಅನ್ನಿಸಿತು. ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೆ ಬಂದ ನನಗೆ ಎಮೆರಿ ಪೇಪರ್ ಹಿಡಿಯುವುದನ್ನು ಕಲಿಸಿದವರು. ಉಜ್ಜುವಾಗ ಕೊನೆಯ ಕೈ ಸರಳಿನ ಉದ್ದುದ್ದಕ್ಕೇ ಇರಬೇಕು ಎನ್ನುವರು.

ನವೆಂಬರ್ 17, ಬೆಳಗ್ಗೆ

ನಾಲ್ಕು ದಿನ ಜ್ವರ. ಬಂದು ನೋಡಿದರೆ ಉಳಿದ ಮೂರೂ ಮುರಿಯದೆ ಐವತ್ತು ಲಕ್ಷ ಸುತ್ತು ದಾಟಿವೆ. ಹೇಗೆ? ನಾಲ್ಕನೆಯದಕ್ಕೆ ಮೈಕ್ರೋಮೀಟರ್ ಇಟ್ಟೆ. 7.71. ಗುಳಿಯೇ ಇಲ್ಲ. ಸಣ್ಣ ಗೆರೆಗಳು, ಉದ್ದುದ್ದಕ್ಕೆ... ಇಲ್ಲಿ ಹಾಗೆ ಉಜ್ಜುವವರು ಇಬ್ಬರೇ. ಒಬ್ಬಳು ಜ್ವರದಲ್ಲಿ ಮಲಗಿದ್ದಳು.

ಸಂಜೆ 6

ಮೇಡಂ ಅವರನ್ನು ಕೇಳಿಯೇಬಿಟ್ಟೆ.

"ಸ್ವಲ್ಪ ಕ್ಲೀನ್ ಮಾಡ್ದೆ ಅಷ್ಟೆ. ಹೇಗೂ ಪೇಂಟ್ ಹೊಡೀತಾರಲ್ಲ."

"ಪೇಂಟ್ ಕಿತ್ತೋದ್ರೆ ಮೇಡಂ? ಓಡಿಸ್ತಿರೋವಾಗ ಹ್ಯಾಂಡಲ್ ಕೈಗೆ ಬಂದ್ರೆ?"

ಅತ್ತರು. "ಒಂದು ದಿನ ಟೈಮ್ ಕೊಡು. ಕಳಿಸಿರೋ ರಿಪೋರ್ಟ್ ವಾಪಸ್ ತಗೋತೀನಿ. ನರೇಶ್‌ಗೆ ನಾನೇ ಹೇಳ್ತೀನಿ." ನರೇಶ್ ಸ್ಕೂಟರ್ ಕಂಪನಿಯ ಇಂಜಿನಿಯರ್. ಆಯಿತು ಎಂದೆ. ನನಗೂ ಅಳು ಬಂತು.

ನವೆಂಬರ್ 19, ಮಧ್ಯಾಹ್ನ

ಮನಸ್ಸು ತಡೆಯದೆ ನರೇಶ್‌ಗೆ ಫೋನ್ ಮಾಡಿದೆ. ಹೆಸರು ಹೇಳಿದ್ದೇ ತಡ—

"ಗೊತ್ತಾಯ್ತು ಬಿಡಿ. ಶ್ಯಾಮಲಾ ಮೇಡಂ ನಿನ್ನೆ ಎಲ್ಲಾ ಹೇಳಿದ್ರು. ಮೊದಲ ಮೂರು ನೀವು ಸೊಟ್ಟಗೆ ಕೂರಿಸಿದ್ರಂತೆ, ಅದಕ್ಕೇ ಮುರೀತಂತೆ. ಉಳಿದದ್ದು ಅವರೇ ಮಾಡಿದ್ದು, ಸರಿಯಾಗಿದೆ. ಸೋಮವಾರದಿಂದ ಪ್ರೊಡಕ್ಷನ್. ನಿಮ್ಮನ್ನ ಕೆಲಸದಿಂದ ತೆಗೀಬೇಡಿ ಅಂತ ನಾನೇ ಹೇಳ್ದೆ."

ಏನು ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ಕೆಲಸ ಕೆಡಿಸಿದವಳು ನೆಪ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ನಾನು ಕೊಟ್ಟ ಒಂದು ದಿನ ಇದಕ್ಕಾಯಿತು.

ಆರೂ ಸರಳು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಹೂಡಿಗೇ ಹೋಗಿ ನರೇಶ್ ಮೇಜಿನ ಮೇಲೆ ಇಡುತ್ತೇನೆ, ಅವರೇ ಅಳೆದು ನೋಡಲಿ. ಎದ್ದು ಹೊರಡಬೇಕು ಅಷ್ಟೆ. ಎದುರಿನ ಟೇಬಲ್ಲಿನಲ್ಲಿ ಮೇಡಂ ಡಬ್ಬಿ ಬಿಚ್ಚಿ ಎರಡು ತಟ್ಟೆ ಇಟ್ಟಿದ್ದಾರೆ. "ಬಾರೆ ಲಾವಣ್ಯ, ಜ್ವರದ ಬಾಯಿಗೆ ಅಂತ ನಿಂಬೆಕಾಯಿ ಉಪ್ಪಿನಕಾಯಿ ತಂದಿದೀನಿ." ಅದೇ ದನಿ. ಹೀಗೆ ಕರೆಯಲು ಇವರಿಗೆ ಹೇಗೆ ಮನಸ್ಸು ಬರುತ್ತದೆ? ಬ್ಯಾಗ್ ಎತ್ತಿಕೊಂಡೆ, ಹೊರಟೆ.