ಎರಡನೇ ಶನಿವಾರದ ಬುತ್ತಿ

ಸಿಂಧನೂರು
17 ಜುಲೈ 2024

ಪ್ರೀತಿಯ ತಮ್ಮ ದುರುಗೇಶನಿಗೆ,

ಜೈ ಭೀಮ್. ಕಾಗದ ಕಂಡು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು, ಅಶ್ವಿನಿ, ಮಕ್ಕಳು ಹೇಗಿದ್ದೀರಿ? ಕಲಬುರ್ಗಿಯಲ್ಲಿ ಮಳೆಯಾಯಿತೇ?

ಹೋದ ತಿಂಗಳು ಫೋನಿನಲ್ಲಿ ನೀನು, "ಅಕ್ಕ, ನಿನ್ನ ಗ್ರಂಥಾಲಯದಾಗ ದೊಡ್ಡೋರೆಲ್ಲ ಕೂಡಿ ಏನ್ ಮಾಡ್ತೀರಿ? ಮತ್ತ ಎಸ್ಸೆಸ್ಸೆಲ್ಸಿ ಬರೀತಾರೇನು?" ಎಂದು ನಕ್ಕಿದ್ದೆ. ಆಗ ಕೌಂಟರಿನ ಮುಂದೆ ಜನ ನಿಂತಿದ್ದರು. ಸಂಜೆ ಮಾಡುತ್ತೇನೆ ಎಂದು ಇಟ್ಟವಳು ಮರೆತೇಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಇವತ್ತು ಮೊಹರಂ ರಜೆ. ಅವ್ವ ಪಕ್ಕದ ಮನೆಯವರ ಜೊತೆ ಅಲಾಯಿ ಕುಣಿತ ನೋಡಲು ಹೋಗಿದ್ದಾಳೆ. ಹಲಗೆಯ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ. ನಿನ್ನ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಬರೆಯುತ್ತೇನೆ.

ಲಿಂಗಸುಗೂರಿನಿಂದ ವರ್ಗವಾಗಿ ನಾನು ಇಲ್ಲಿಗೆ ಬಂದಾಗ ಗ್ರಂಥಾಲಯಕ್ಕೆ ಬರುತ್ತಿದ್ದವರು ನೌಕರಿಯ ಪರೀಕ್ಷೆಗೆ ಓದುವ ಹುಡುಗರು ಮತ್ತು ಪೇಪರು ನೋಡುವ ಹಿರಿಯರು ಮಾತ್ರ. ಹೆಂಗಸರು ಬಾಗಿಲಲ್ಲಿ ನಿಂತು ಮಗನನ್ನು ಕೂಗಿ ಹೊರಟುಹೋಗುತ್ತಿದ್ದರು. ತಿಂಗಳಿಗೊಂದು ದಿನ ದೊಡ್ಡವರಿಗಾಗಿ ಏನಾದರೂ ನಡೆಸಬೇಕು ಎಂದು ಮೇಲಿನವರನ್ನು ಕೇಳಿದೆ. "ಮಾಡ್ರಿ, ಖರ್ಚು ಮಾತ್ರ ಕೇಳಬ್ಯಾಡ್ರಿ" ಎಂದರು. ಎರಡನೇ ಶನಿವಾರ ಆಫೀಸುಗಳಿಗೆ ರಜೆ, ಅದೇ ದಿನ ಆರಿಸಿಕೊಂಡೆ.

ಮೊದಲ ತಿಂಗಳು ಬ್ಯಾಂಕಿನವರನ್ನು ಕರೆಸಿ ಮೊಬೈಲಿನ ಮೋಸದ ಬಗ್ಗೆ ಹೇಳಿಸಿದೆ. ಖಾಲಿ ಕುರ್ಚಿಗಳೇ ಹೆಚ್ಚು ಕೇಳಿದವು. ಮುಂದಿನ ತಿಂಗಳು ಕನ್ನಡ ಕಥೆಯೊಂದನ್ನು ನಾನೇ ಗಟ್ಟಿಯಾಗಿ ಓದಿದೆ. ನಿನಗೆ ಗೊತ್ತಲ್ಲ, ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ಹಟ ಹಿಡಿದು ನಮ್ಮನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ. ಇಷ್ಟು ವರ್ಷ ಕನ್ನಡ ಪುಸ್ತಕಗಳ ನಡುವೆ ಕುಳಿತರೂ ನಾಲ್ಕು ಜನರ ಮುಂದೆ ಓದುವಾಗ ನನ್ನ ನಾಲಿಗೆ ತಡವರಿಸುತ್ತದೆ. ಹಿಂದೆ ಕುಳಿತಿದ್ದ ಚಾಂದ್‌ಪಾಷಾ ಎದ್ದು ಬಂದರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. "ಮೇಡಂ, ನಿಮ್ಮ ಗಾಡಿ ಭಾಳ ಸ್ಟಾಪ್ ಹೊಡ್ಯಾಕತ್ತೈತಿ. ನಾ ಓದ್ಲೇನ್ರಿ?" ಎಂದರು. ನಾನೇ ಮೊದಲು ನಕ್ಕೆ. ಅಂದಿನಿಂದ ಓದುವವರು ಅವರೇ. ಒಂದು ಅಧ್ಯಾಯ ಮುಗಿದರೆ, "ಗೊರೇಬಾಳ ಇಳಿಯೋರು ಇಳೀರಿ" ಎನ್ನುತ್ತಾರೆ. ಯಾರೂ ಇಳಿಯುವುದಿಲ್ಲ.

ಸುಮ್ಮನೆ ಕೈಕಟ್ಟಿ ಕುಳಿತು ಕೇಳುವುದು ನಮ್ಮ ಹೆಂಗಸರಿಗೆ ಆಗದ ಮಾತು. ಕೌದಿ ಹೊಲಿಯುವ ವಿಚಾರ ಹೇಳಿದವಳು ಗೊರೇಬಾಳದ ಗ್ಯಾನಮ್ಮ. ಅವರವರ ಮನೆಯ ಹಳೆ ಸೀರೆ ತಂದರು, ದೊಡ್ಡ ಜಮಖಾನ ಹಾಸಿ ಸುತ್ತಲೂ ಕುಳಿತರು, ಚಾಂದ್‌ಪಾಷಾ ಓದುತ್ತಿದ್ದರೆ ಇವರು ಹೊಲಿಯತೊಡಗಿದರು. ಮನೆಯಲ್ಲಿ ಒಬ್ಬಳೇ ಕುಳಿತು ಬೇಸತ್ತಿದ್ದ ಅವ್ವನೂ ಬಂದಳು. ಅಕ್ಷರ ಬರದವಳು ಗ್ರಂಥಾಲಯದಲ್ಲಿ ಏನು ಮಾಡುತ್ತಾಳೋ ಎಂದುಕೊಂಡಿದ್ದೆ. ಈಗ ಕಥೆಯಲ್ಲಿ ಹೋದ ತಿಂಗಳು ಏನಾಗಿತ್ತು ಎಂದು ಮರೆತವರು ಅವಳನ್ನೇ ಕೇಳುತ್ತಾರೆ. ಕೌದಿಯ ಒಂದು ಮೂಲೆಯಲ್ಲಿ ಅವ್ವನ ಹಸಿರು ಇಳಕಲ್ ಸೀರೆಯ ತುಂಡು, ಅದಕ್ಕೆ ತಾಗಿ ವೀರಭದ್ರಮ್ಮನವರ ರೇಷ್ಮೆ ಸೆರಗು. ವೀರಭದ್ರಮ್ಮ ಕಾಲುವೆ ನೀರಿನ ಗದ್ದೆ, ಪೇಟೆಯಲ್ಲಿ ಅಂಗಡಿಸಾಲು ಇರುವ ಮನೆಯ ಯಜಮಾನತಿ. ಅವರು ಬರತೊಡಗಿದ ಮೇಲೆ ಅವರ ಓಣಿಯ ಹೆಂಗಸರೂ ಬಂದರು. ಈಗ ಕುರ್ಚಿ ಸಾಲದೆ ಕಪಾಟುಗಳನ್ನು ಗೋಡೆಗೆ ಸರಿಸಿದ್ದೇನೆ. ಮೊನ್ನೆ ಮಸ್ಕಿಯಿಂದ ಬಸ್ಸು ಹಿಡಿದು ಇಬ್ಬರು ಬಂದಿದ್ದರು. ಹೀಗೆ ಬರೆಯುವಾಗ ನನ್ನ ಹೆಮ್ಮೆ ನಿನಗೆ ಕಾಣುತ್ತಿರಬೇಕು. ಕಾಣಲಿ ಬಿಡು.

ಒಂದು ನಿಯಮವನ್ನು ಮಾತ್ರ ಮೊದಲ ದಿನವೇ ಮಾಡಿಬಿಟ್ಟಿದ್ದೆ. ಮನೆಯ ತಿಂಡಿ ತರುವಂತಿಲ್ಲ, ಅಂಗಡಿಯ ಚಹಾ, ಅಂಗಡಿಯ ಬಿಸ್ಕೀಟು. ಪುಸ್ತಕಕ್ಕೆ ಎಣ್ಣೆಜಿಡ್ಡು ಹತ್ತುತ್ತದೆ, ಇರುವೆ ಬರುತ್ತವೆ ಎಂದು ಕಾರಣ ಕೊಟ್ಟೆ. ಕಾರಣ ಸುಳ್ಳಲ್ಲ. ಆದರೆ ನಾವು ಯಾರು, ಯಾವ ಕೇರಿಯವರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಸೀರೆಗೆ ಸೀರೆ ಹೊಲಿದಷ್ಟು ಸುಲಭವಾಗಿ ನಮ್ಮ ಡಬ್ಬಿಗೆ ಅವರ ಕೈ ಬರುತ್ತದೆಯೇ? ಬಾರದೇ ಹೋದರೆ ಅದನ್ನು ಅವ್ವ ಎಲ್ಲರೆದುರು ನೋಡಬೇಕಾಗುತ್ತದೆ. ಬಿಸ್ಕೀಟಿನ ಪೊಟ್ಟಣಕ್ಕೆ ಆ ತೊಂದರೆ ಇಲ್ಲ. ಇಷ್ಟೆಲ್ಲ ಲೆಕ್ಕ ಹಾಕಿಯೇ ನಿಯಮ ಮಾಡಿದೆನೋ, ಅಥವಾ ಕೈ ತಾನೇ ಹಾಗೆ ಬರೆದುಬಿಟ್ಟಿತೋ, ನನಗೂ ಸರಿಯಾಗಿ ತಿಳಿಯದು.

ನಿಯಮ ಮುರಿದವರು ವೀರಭದ್ರಮ್ಮನೇ. ಜೂನ್ ತಿಂಗಳಲ್ಲಿ ಬಿಸ್ಕೀಟಿನ ತಟ್ಟೆ ಆಚೆ ಸರಿಸಿ, "ಏನ್ರಿ ಮೇಡಂ, ಎಷ್ಟಂತ ಈ ಬಿಸ್ಕೀಟ್ ಚಹಾದಾಗ ಮುಳುಗಿಸೂದು? ಬರೂ ತಿಂಗಳ ಎಲ್ಲಾರೂ ಬುತ್ತಿ ಕಟ್ಟಿಗೊಂಡು ಬರೂಣು. ಒಂದs ಕಡೆ ಬಿಚ್ಚೂಣು, ಉಣ್ಣೂಣು" ಎಂದರು. ಎಲ್ಲರೂ ಹೂಂಗುಟ್ಟಿದರು. ನಾನು ಇರುವೆಯ ಮಾತೆತ್ತಿದೆ. ಚಾಂದ್‌ಪಾಷಾ, "ಇರಬಿಗೂ ಒಂದು ಟಿಕೀಟ್ ಹರದ್ರಾತು ಬಿಡ್ರಿ" ಎಂದರು. ಅಲ್ಲಿಗೆ ನನ್ನ ನಿಯಮ ಮುಗಿಯಿತು.

ಬುತ್ತಿಯ ಶನಿವಾರದ ಹಿಂದಿನ ದಿನ ಅವ್ವನಿಗೆ ಮೆಲ್ಲಗೆ ಹೇಳಿದೆ: "ಯಬೇ, ನಾವು ಬಾಳೆಹಣ್ಣು ಒಯ್ಯೂಣು. ಹಗುರ ಆಕ್ಕೈತಿ."

"ಬಾಳೆಹಣ್ಣು ಒಯ್ಯಾಕ ನಾ ಏನ್ ದವಾಖಾನಿಗಿ ಹೊಂಟೀನೇನು?"

"ಹಂಗಲ್ಲಬೇ. ರೊಟ್ಟಿ ಎಲ್ಲಾರೂ ತರ್ತಾರ."

ಅವ್ವ ಪುಂಡಿಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಸುಕನ್ಯಾ, ಖರೇ ಹೇಳು. ನಿನಗ ನಾಚಿಕಿನೋ ಅಂಜಿಕಿನೋ?"

"ಅಂಜಿಕಿ," ಎಂದೆ.

"ಅಂಜಿಕಿ ಆದ್ರ ಚಿಂತಿಲ್ಲ, ನಾ ಇದೀನಿ. ನಾಚಿಕಿ ಇತ್ತಂದ್ರ ನಾ ಮನಿಯಾಗs ಕುಂದರತಿದ್ನಿ."

ಮಸ್ಕಿ ಕಡೆಯ ತನ್ನ ತವರೂರಿನಲ್ಲಿ ಮೇಲಿನಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದವಳು ಅವಳು. ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ, ನಳದ ನೀರು ಕುಡಿದು ಬೆಳೆದವಳು ನಾನು. ಹೆದರಿದವಳು ಮಾತ್ರ ನಾನು.

ಶನಿವಾರ ನಸುಕಿಗೇ ಎದ್ದು ರೊಟ್ಟಿ ಬಡಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ. ಅಪ್ಪ ಶಿಫ್ಟಿಗೆ ಒಯ್ಯುತ್ತಿದ್ದ ಆ ದೊಡ್ಡ ಸ್ಟೀಲ್ ಡಬ್ಬಿಯನ್ನು ಅಟ್ಟದಿಂದ ಇಳಿಸಿಕೊಂಡು ಹುಣಸೆಹಣ್ಣು ಹಚ್ಚಿ ಬೆಳಗಿದಳು.

ಅವತ್ತು ಕಥೆಯೊಳಗೆ ಯಾರಿಗೂ ಮನಸ್ಸಿರಲಿಲ್ಲ. ಚಾಂದ್‌ಪಾಷಾ ಅದನ್ನು ನೋಡಿ ಪುಸ್ತಕ ಮುಚ್ಚಿ, "ಊಟದ ಸ್ಟಾಪು, ಅರ್ಧ ತಾಸು" ಎಂದು ಕೂಗಿದರು. ಕೌದಿ ಮಡಚಿಟ್ಟರು. ಜಮಖಾನದ ಮೇಲೆ ಪೇಪರು ಹಾಸಿ ಎಲ್ಲರೂ ಡಬ್ಬಿ ಬಿಚ್ಚಿದರು. ಕಡಕ್ ರೊಟ್ಟಿ, ಬಿಸಿ ರೊಟ್ಟಿ, ಚಪಾತಿ, ಎಣ್ಣೆಗಾಯಿ, ಮೊಸರನ್ನ. ಅವ್ವ ನಡುವೆ ತನ್ನ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಕೈಗಳು ಅತ್ತಿತ್ತ ಹೋದವು. ಅದರ ಸುತ್ತ ಮಾತ್ರ ಸ್ವಲ್ಪ ಜಾಗ ಹಾಗೇ ಉಳಿಯಿತು. ಎಷ್ಟು ಹೊತ್ತೋ ತಿಳಿಯದು, ನನಗೆ ಬಹಳ ಹೊತ್ತು ಎನಿಸಿತು. ನಾನು ಬಾಗಿಲ ಬಳಿ ನೀರಿನ ಲೋಟ ಹಿಡಿದು ನಿಂತೇ ಇದ್ದೆ.

ಆಗ ಗ್ಯಾನಮ್ಮ ಮಂಡಿ ಊರಿಕೊಂಡು ಮುಂದೆ ಬಂದು ರೊಟ್ಟಿ ಎತ್ತಿಕೊಂಡಳು. ಪಲ್ಯ ಹಾಕಿಕೊಂಡು ಒಂದು ತುತ್ತು ತಿಂದು, "ಜೋಗಮ್ಮಕ್ಕ, ಈ ಹುಳಿ ಎಲ್ಲಿಟ್ಟಿದ್ದೆಬೇ ಇಷ್ಟ ದಿನ? ಬಿಸ್ಕೀಟ್ ತಿನಿಸಿ ತಿನಿಸಿ ನಿನ್ನ ಮಗಳು ನಮ್ಮ ನಾಲಿಗಿ ಸಾಯಿಸ್ಯಾಳ" ಎಂದಳು. ಎಲ್ಲರೂ ನಕ್ಕರು. ಚಾಂದ್‌ಪಾಷಾ ಎರಡು ಸಲ ಹಾಕಿಸಿಕೊಂಡರು. ವೀರಭದ್ರಮ್ಮನ ಓಣಿಯ ಹೆಂಗಸರಲ್ಲಿ ಒಬ್ಬಳು, ಆಮೇಲೆ ಇನ್ನೊಬ್ಬಳು ಕೈ ಚಾಚಿದರು. ಕೆಲವರು ಚಾಚಲಿಲ್ಲ, ಅದನ್ನೂ ನೋಡಿದೆ. ಕೊನೆಗೆ ವೀರಭದ್ರಮ್ಮ, "ಜೋಗಮ್ಮ, ಎರಡು ರೊಟ್ಟಿ ಪಲ್ಯ ಸುತ್ತಿ ಕೊಡು. ನಮ್ಮ ಯಜಮಾನ್ರಿಗೆ ಪುಂಡಿಪಲ್ಯ ಅಂದ್ರ ಜೀವ. ಮನಿಗಿ ಒಯ್ತೀನಿ" ಎಂದರು.

"ಒಯ್ರಿ ಅಮ್ಮಾರ, ಒಯ್ರಿ. ಇನ್ನೊಂದು ಹಾಕ್ತೀನಿ ತಗೋರಿ," ಎಂದು ಅವ್ವ ಎರಡು ಪೇಪರು ಸೇರಿಸಿ ಜೋಪಾನವಾಗಿ ಸುತ್ತಿ ಕೊಟ್ಟಳು. ಆಗಿನ ಅವಳ ಮುಖ ನೀನು ನೋಡಬೇಕಿತ್ತು. ನನ್ನ ನೌಕರಿಯ ಆರ್ಡರ್ ಬಂದ ದಿನವೂ ಅಷ್ಟು ಅರಳಿರಲಿಲ್ಲ.

ಡಬ್ಬಿ ಖಾಲಿಯಾಗಿ ಮನೆಗೆ ಬಂತು. ದಾರಿಯುದ್ದಕ್ಕೂ ಅದನ್ನು ಅವಳೇ ಹಿಡಿದುಕೊಂಡಿದ್ದಳು. ರಾತ್ರಿ ಹಟ್ಟಿಯ ಹಳೆ ನೆರೆಯವರಿಗೆಲ್ಲ ಫೋನು. "ನನ್ನ ರೊಟ್ಟಿ ಸಾಲಲಿಲ್ಲ ನೋಡವ್ವಾ" ಎನ್ನುವುದು ಅಡುಗೆಮನೆಯಿಂದ ಕೇಳುತ್ತಿತ್ತು. ನನ್ನ ಗ್ರಂಥಾಲಯದ ಬಗ್ಗೆ ಪೇಪರಿನಲ್ಲಿ ಬಂದರೂ ನನಗೆ ಇಷ್ಟು ಸಂತೋಷವಾಗದು. ತಮ್ಮಾ, ದೊಡ್ಡವರು ಕೂಡಿ ಏನು ಮಾಡುತ್ತಾರೆ ಎಂದು ಕೇಳಿದ್ದೆಯಲ್ಲ. ಕಥೆ ಕೇಳುತ್ತಾರೆ, ಹೊಲಿಯುತ್ತಾರೆ, ಒಂದೇ ಜಮಖಾನದ ಮೇಲೆ ಕುಳಿತು ಉಣ್ಣುತ್ತಾರೆ. ಇದು ಸಣ್ಣ ಕೆಲಸವೆಂದು ನಿನಗೆ ಅನಿಸದಿರಲಿ. ಅಪ್ಪ ಇದ್ದಿದ್ದರೆ ಅವನಿಗೆ ಹಾಗೆ ಅನಿಸುತ್ತಿರಲಿಲ್ಲ.

ಹೊಸ ಶಾಲೆಯಲ್ಲಿ ಮಕ್ಕಳ ಕನ್ನಡ ಕೈಬಿಡದಂತೆ ನೋಡಿಕೋ. ಅಶ್ವಿನಿಯ ಬೆನ್ನುನೋವಿಗೆ ಒಳ್ಳೆಯ ಡಾಕ್ಟರಿಗೆ ತೋರಿಸು. ನಿಮ್ಮ ಮನೆಯಲ್ಲಿ ಉಂಡು ಮಿಗುವಷ್ಟಿರಲಿ, ಬಂದವರು ಸಂಕೋಚವಿಲ್ಲದೆ ಉಣ್ಣುವಂತಿರಲಿ. ಅವ್ವನ ಆಶೀರ್ವಾದ, ನನ್ನದೂ.

ನಿನ್ನ ಅಕ್ಕ,
ಸುಕನ್ಯಾ

ಮತ್ತೆ: ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಮುಂದಿನದನ್ನು ಹೇಳಲಾಗದು, ಅವ್ವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಶನಿವಾರ ಅವ್ವ ಒಳಗೆ ಕೌದಿ ಎತ್ತಿಡುತ್ತಿದ್ದಾಗ ನಾನು ಆಟೋ ನೋಡಲು ಹೊರಗೆ ಬಂದೆ. ಕಾಂಪೌಂಡಿನ ತಿರುವಿನಲ್ಲಿ ವೀರಭದ್ರಮ್ಮ ನಿಂತಿದ್ದರು. ಪೇಪರು ಬಿಚ್ಚಿ ಅವ್ವನ ರೊಟ್ಟಿಯನ್ನು ಒಂದು ಆಕಳಿಗೆ ತಿನ್ನಿಸುತ್ತಿದ್ದರು. ಪಲ್ಯವನ್ನು ಗೋಡೆಯ ಬುಡಕ್ಕೆ ಸುರಿದಿದ್ದರು. ಆಕಳ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ನನ್ನನ್ನು ನೋಡಲಿಲ್ಲ. ದಿನಾ ಆಕಳಿಗೆ ರೊಟ್ಟಿ ಕೊಡುವ ರೂಢಿ ಅವರಿಗಿದೆ, ತಮ್ಮ ಮನೆಯ ರೊಟ್ಟಿಯನ್ನೂ ಕೊಡುತ್ತಾರೆ. ಅದನ್ನೇ ನನಗೆ ನಾನು ಹೇಳಿಕೊಳ್ಳುತ್ತಿದ್ದೇನೆ. ಆದರೆ ಮರುದಿನ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಅವ್ವನಿಗೆ, "ನಮ್ಮವರು ಬೆರಳು ಚೀಪಿದ್ರು ನೋಡು ಜೋಗಮ್ಮ" ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಟೊಮೆಟೊ ಆರಿಸುತ್ತಲೇ ಇದ್ದೆ. ಆ ಸುಳ್ಳು ಅವ್ವನ ಮೇಲಿನ ಕರುಣೆಯೋ ಅವರ ಮರ್ಯಾದೆಯೋ, ನನಗೆ ಬಗೆಹರಿದಿಲ್ಲ.

ಭಾನುವಾರ ಅವ್ವ ನಿನಗೆ ಫೋನು ಮಾಡಿ, "ಅಂಥಾ ಮನಿಯವರು ನನ್ನ ರೊಟ್ಟಿ ಉಂಡಾರ" ಎಂದು ಹೇಳುತ್ತಾಳೆ. "ಹೌದೇನಬೇ" ಎಂದು ಖುಷಿಪಡು, ಅಷ್ಟು ಮಾಡು. ಮುಂದಿನ ತಿಂಗಳು ಅವರ ಯಜಮಾನರಿಗೆಂದೇ ಬೇರೆ ನಾಲ್ಕು ರೊಟ್ಟಿ ಬಡಿಯುತ್ತಾಳಂತೆ. ಸುತ್ತಿ ಕಳಿಸಲು ನಾನು ಬಿಡುವುದಿಲ್ಲ. ಅಂದು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವುದೂ ಇಲ್ಲ. ವೀರಭದ್ರಮ್ಮನ ಪಕ್ಕ ಕುಳಿತು ಒಂದು ರೊಟ್ಟಿ ಮುರಿದು ಅರ್ಧ ನಾನು ತಿಂದು, ಅರ್ಧ ಅವರ ಕೈಯಲ್ಲಿ ಇಡುತ್ತೇನೆ. ಆ ಹೊತ್ತಿನಲ್ಲಿ ಅವ್ವ ಬೇರೆ ಕಡೆ ನೋಡುತ್ತಿರಲಿ, ನನ್ನ ಬೇಡಿಕೆ ಇಷ್ಟೇ.