ಮಲ್ಲಿಗೆ ಕಿಸೆ ತೋರಿಸಿದವರು

ಮೇ 3, ಶನಿವಾರ

ರಾಯಚೂರಿನ ತರಬೇತಿ ಮುಗಿಸಿ ದೇವದುರ್ಗದಲ್ಲಿ ಬಸ್ ಇಳಿದಾಗ ನಾಲ್ಕು ಗಂಟೆ. ಹೊಡೆದಾಟ, ಕೊಲೆ ಇರೋ ವಿಡಿಯೊ ಮಕ್ಕಳ ಕಣ್ಣಿಗೆ ಬೀಳದ ಹಾಗೆ ತಾಯಂದಿರಿಗೆ ತಿಳಿಸಬೇಕಂತೆ. ಚಾರ್ಟ್ ಕೊಟ್ಟಿದ್ದಾರೆ. ಅಂಗನವಾಡಿ ಟೀಚರ್ ಅಲ್ಲವೇ, ತಿಳಿಸ್ತೀನಿ.

ಮನೆಗೆ ಬಂದರೆ ಅತ್ತೆ ಮಂಚದ ಮೇಲೆ, ಮೊಬೈಲಲ್ಲಿ ಕ್ರೈಮ್ ಕಥೆ. ಮಡಿಲಲ್ಲಿ ನನ್ನ ಮಗಳು ಮಲ್ಲಿಕಾ, ಆರು ವರ್ಷ, ಕಣ್ಣು ಮಿಟುಕಿಸದೆ ನೋಡ್ತಿದಾಳೆ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ಮೇ 6

ಗ್ಯಾಸ್ ಸಿಲಿಂಡರಿನವನು ಬಂದ. ಮಲ್ಲಿ ಮಂಚದ ಕೆಳಗೆ. ಅಲ್ಲಿಂದಲೇ ಕೂಗಿದಳು — "ಕಿಸೇದಾಗ ಚಾಕು ಅದ ಏನು?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಹದಿನೈದು ದಿನದಿಂದ ಬಾಗಿಲು ದಾಟಿಲ್ಲ ಹುಡುಗಿ. ಹೊರಗಿನವರೆಲ್ಲ ಕೊಲ್ಲೋರಂತೆ. 29ಕ್ಕೆ ಶಾಲೆ ಶುರು, ಒಂದನೇ ಕ್ಲಾಸು. ಹೇಗೆ ಹೋಗ್ತಾಳೋ...

ಅತ್ತೆಗೆ ಹೇಳಬೇಕು. ಆದರೆ ಸೊಸೆ ಅತ್ತೆಗೆ ಬುದ್ಧಿ ಹೇಳೋದಾ? ಎಂಟು ವರ್ಷದಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ಕೂಡ ಅಂದಿಲ್ಲ.

ಮೇ 8, ಬೆಳಿಗ್ಗೆ 7

ಅತ್ತೆ ಸ್ನಾನಕ್ಕೆ ಹೋದಾಗ ಅವರ ಮೊಬೈಲ್ ತೆಗೆದು ಜೋಳದ ಚೀಲದೊಳಗೆ ಹೂತಿಟ್ಟೆ. ಕಳೆದುಹೋಯಿತು ಅಂದುಕೊಳ್ಳಲಿ. ಎಂಥ ಜಾಣೆ ನಾನು!

ಅದೇ ದಿನ, ಸಂಜೆ

ಎಂಥ ದಡ್ಡಿ ನಾನು!

ಒಂದು ಕಡ್ಡಿ ಆಚೆ ಎತ್ತಿಡದ ನನ್ನ ಗಂಡ ಜಗದೀಶ, ಇವತ್ತೇ ಅದೇ ಚೀಲ ಹೊತ್ತು ಗಿರಣಿಗೆ ಹೋಗಿದ್ದಾರೆ. ಇತ್ತ ಅತ್ತೆ ಪಕ್ಕದ ಮನೆ ಜಾಹೆದಾಳ ಫೋನಿಂದ ರಿಂಗ್ ಕೊಡಿಸಿದರು. ಎತ್ತಿದ್ದು ಗಿರಣಿ ಅಲ್ಲಾಉದ್ದೀನ್ ಚಾಚಾ. ಸ್ಪೀಕರ್ ಆನ್ — ಓಣಿಗೆಲ್ಲ ಕೇಳಿತು.

"ಬಸ್ಸಮ್ಮನೋರೆ, ನಿಮ್ಮ ಜ್ವಾಳ ಹಾಡಾಕತ್ತಾವ್ರಿ! ಇನ್ನೊಂದು ಸ್ವಲ್ಪ ತಡ ಆಗಿದ್ರ ಮಿಷನ್‌ಗೆ ಸುರುವಿಬಿಡ್ತಿದ್ದೆ!"

ಜಾಹೆದಾ ನಕ್ಕು ನಕ್ಕು ಕಟ್ಟೆ ಮೇಲೆ ಕುಸಿದಳು. ಅತ್ತೆ ನನ್ನ ಮುಖ ನೋಡಿದರು. ನಗಲಿಲ್ಲ.

ಮೇ 11

ಮೂರು ದಿನದಿಂದ ಮಾತಿಲ್ಲ. ರೊಟ್ಟಿ ಬಡಿಯೋ ಸದ್ದು ಮಾತ್ರ, ಜೋರಾಗಿ. ಮಾನ್ವಿಯಿಂದ ಅಕ್ಕನ ಫೋನು — ಜೋಳದ ಸುದ್ದಿ ಅಲ್ಲಿಗೂ ಮುಟ್ಟಿದೆ!

ಮೇ 13

ತಾಯಂದಿರ ಸಭೆ. ಚಾರ್ಟ್ ಬಿಚ್ಚಿದೆ. ಹದಿನೆಂಟು ಜನ, ಎಲ್ಲರೂ ನಗು ತಡಕೊಂಡು ಕೂತಿದ್ದಾರೆ. ಚಾರ್ಟ್ ಸುತ್ತಿಟ್ಟೆ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ — ನಮ್ಮ ಮನೆಯಲ್ಲೇ ಹೀಗೆ, ನನ್ನ ಮಗು ಹೆದರಿ ಮಂಚದ ಕೆಳಗೆ ಸೇರುತ್ತದೆ.

ನಗು ನಿಂತಿತು. ಜಾಹೆದಾ ಮೆಲ್ಲಗೆ ಅಂದಳು, "ನಮ್ಮ ಮುಷರ್ರಫನೂ ಹಂಗ ರೀ ಟೀಚರ್. ಫೋನಿನಾಗಿನ ಆ ಬಂದೂಕಿನ ಆಟ ಕಸಗೊಂಡ್ರ ತಂಗೀಗಿ ಹೊಡಿತಾನ." ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಉಣ್ಣೋವಾಗ ಫೋನ್ ಇಲ್ಲ, ದೊಡ್ಡವರ ಕಥೆ ಮಕ್ಕಳು ಮಲಗಿದ ಮೇಲೆ — ಅವರೇ ಗೊತ್ತು ಮಾಡಿಕೊಂಡರು.

ಹಿಂದಿನಿಂದ ಒಂದು ದನಿ. ಅತ್ತೆ! ಯಾವಾಗ ಬಂದರೋ.

"ಹದಿನೆಂಟು ಮಂದಿಗಿ ಹೇಳಿದಿ. ನನಗ್ಯಾಕ ಹೇಳಲಿಲ್ಲ ಯವ್ವಾ? ಕೂಸು ಅಂಜಾಕತ್ತದ ಅಂದಿದ್ರ ನಾ ನೋಡ್ತಿದ್ನೇನು? ಸುಮ್ನ ಕುಂತದ, ಕಥಿ ಸೇರ್ತದ ಅಂತ ತಿಳಕೊಂಡಿದ್ದೆ."

ಅತ್ತುಬಿಟ್ಟೆ, ಎಲ್ಲರೆದುರು. ತಪ್ಪು ನನ್ನದೇ.

ಮೇ 16

ಅತ್ತೆ ಚಾರ್ಜ್ ತಗೊಂಡರು. ಸಂಜೆ ಕಥೆ ಬಂದ್. ಮಲ್ಲಿಯನ್ನ ಸೊಂಟದ ಮೇಲೆ ಹೊತ್ತು ಗಿರಣಿಗೆ ಹೋದರು. ಅಲ್ಲೂ ಮಲ್ಲಿ ಅಜ್ಜಿಯ ಸೆರಗಿನ ಹಿಂದೆ ನಿಂತು ಅದೇ ಚಾಕುವಿನ ಪ್ರಶ್ನೆ. ಚಾಚಾ ನಗಲಿಲ್ಲವಂತೆ. ಎರಡೂ ಕಿಸೆ ಹೊರಗೆಳೆದು ತೋರಿಸಿದರಂತೆ — ಬೀಡಿ, ಕರ್ಚೀಫು, ಪೆಪ್ಪರಮಿಂಟು. "ಇಷ್ಟ ನೋಡವ್ವಾ ನನ್ನ ಆಸ್ತಿ." ಪೆಪ್ಪರಮಿಂಟು ಮಲ್ಲಿಗೆ.

ಮೇ 22

ಓಣಿಗೆಲ್ಲ ಹಬ್ಬಿದೆ. ಮಲ್ಲಿ ಕಂಡರೆ ಸಾಕು, ಕೇಳೋ ಮೊದಲೇ ಕಿಸೆ ಹೊರಗೆ! ಎದುರುಮನೆ ಈರಯ್ಯನವರ ಕಿಸೆಯಲ್ಲಿ ವಿಭೂತಿ ಗಟ್ಟಿ. ಹಾಲಿನ ಪರಮಣ್ಣನದರಲ್ಲಿ ಬರೀ ತೂತು. ಗ್ಯಾಸಿನವನದರಲ್ಲಿ ಬಾಚಣಿಗೆ, ಒಂದು ಹುಡುಗಿಯ ಫೋಟೊ — ಅದನ್ನ ಮಲ್ಲಿ ಮನೆಮನೆಗೆ ಹೋಗಿ ಸಾರಿ ಬಂದಳು, ಪಾಪ ಅವನು! ನಮ್ಮ ಯಜಮಾನರ ಕಿಸೆಯಲ್ಲಿ ಗುಟ್ಕಾ. ಅದಕ್ಕೆ ಬೇರೆ ಪಂಚಾಯ್ತಿ ಆಯಿತು.

ಮನೆಮನೆಗೆ ಹೋಗಿ ಬಂದಳು ಅಂತ ಬರೆದೆನಲ್ಲ! ಈಗ ಹೊಳೀತು — ಹುಡುಗಿ ತಾನಾಗೇ ಬಾಗಿಲು ದಾಟಿದ್ದಾಳೆ!

ಮೇ 29, ಬೆಳಿಗ್ಗೆ

ಗೇಟಿನ ತನಕ ನನ್ನ ಬೆರಳು ಗಟ್ಟಿಯಾಗಿ ಹಿಡಿದಿದ್ದಳು. ಬಿಟ್ಟಳು. ಹೋದಳು. ತಿರುಗಿ ನೋಡಲಿಲ್ಲ. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು "ಧೂಳ" ಅಂದರು.

ಸಂಜೆ

ಕರೆತರಲು ಹೊರಡೋ ಮೊದಲು ನಾಲ್ಕು ಸಾಲು ಬರೆಯೋಣ ಅಂತ ಕೂತೆ. ಬಾಗಿಲಲ್ಲಿ ಗದ್ದಲ. ಮಲ್ಲಿ! ತಾನೇ ನಡಕೊಂಡು ಬಂದಿದ್ದಾಳೆ. ಹಿಂದೆ ಇನ್ನೂ ಮೂವರು, ನಾನು ಕಂಡೇ ಇಲ್ಲದ ಮಕ್ಕಳು. ಹೆಸರು ಅವಳಿಗೂ ಗೊತ್ತಿಲ್ಲವಂತೆ.

"ಯವ್ವಾ, ಇವರು ನನ್ನ ಗೆಳತ್ಯಾರು. ಎಲ್ಲಾರಿಗೂ ರೊಟ್ಟಿ ಬೇಕಂತ!"

ಅತ್ತೆ ಆಗಲೇ ಒಲೆ ಹಚ್ಚಿದ್ದಾರೆ, ನನ್ನನ್ನೂ ಕರೀತಿದ್ದಾರೆ, ಈ ಪೆನ್ನು ಯಾರೋ ಎಳೀ—