ಸೀನೀರ ಬಾವಿ ಎದುರಿನ ಮನೆಯವರಿಗೆ

ಹಗ್ಗದವರ ಓಣಿ, ಹುಬ್ಬಳ್ಳಿ
ಫೆಬ್ರವರಿ 30, 2194

ದ್ರಾಕ್ಷಾಯಣಿ ಹೆಬಸೂರ ಅವರಿಗೆ,

ತಾರೀಖು ತಪ್ಪಾಗಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ, ಓಣಿ ತೊಳೆಯುವುದಕ್ಕೆಂದು ವರ್ಷದ ಕೊನೆಯಲ್ಲಿ ಇಟ್ಟುಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆ ಕೇಳುತ್ತೇನೆ. ಬೇರೆ ಯಾವುದಕ್ಕೂ ಕೇಳುವುದಿಲ್ಲ. ನೀವು ನನ್ನ ಮುತ್ತಜ್ಜನ ಮುತ್ತಜ್ಜಿ. ಅಷ್ಟು ದೂರದವರನ್ನು ಏನೆಂದು ಕರೆಯಬೇಕೋ ತಿಳಿಯದು, ಆಯಿ ಎಂದೇ ಕರೆಯುತ್ತೇನೆ. ಈ ಪತ್ರ ನಿಮಗೆ ಹೇಗೆ ತಲುಪುತ್ತದೆಂದು ಕೇಳಬೇಡಿ. ನಿಮ್ಮದು ನನಗೆ ತಲುಪಿತಲ್ಲ, ಹಾಗೆಯೇ ಇದೂ ತಲುಪೀತು.

ಮೊದಲು ನಮ್ಮ ಕಷ್ಟ ಹೇಳಿಬಿಡುತ್ತೇನೆ. ಸ್ವಂತ ನೀರಿಲ್ಲದ ಓಣಿಗಳಿಗೆ ನಗರದ ನಳ ಇದೇ ಮಾರ್ಚ್ ಮೂವತ್ತಕ್ಕೆ ನಿಲ್ಲುತ್ತದೆ. ನಳ ನಿಂತ ಓಣಿಯನ್ನು ಎತ್ತುತ್ತಾರೆ. ಎತ್ತುವುದು ಎಂದರೆ ಬಾಗಿಲುಗಳಿಗೆ ಹಲಗೆ ಹೊಡೆದು, ಮನೆಗೊಂದು ಬಂಡಿ ಕೊಟ್ಟು, ಒಬ್ಬರನ್ನು ಆ ಓಣಿಗೆ ಇನ್ನೊಬ್ಬರನ್ನು ಈ ಓಣಿಗೆ ಹಂಚಿಬಿಡುವುದು. ನಮ್ಮದು ನಲವತ್ತೊಂದು ಮನೆ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳದಿದ್ದರೆ ನಮಗೆ ಚಹಾ ಇಳಿಯುವುದಿಲ್ಲ. ಹೊಸ ಓಣಿಯಲ್ಲಿ ನಮ್ಮನ್ನು ಅಷ್ಟು ಪ್ರೀತಿಯಿಂದ ಯಾರು ಬೈಯುತ್ತಾರೆ? ನಮ್ಮ ಓಣಿಯಲ್ಲಿ ಹಿಂದೆ ಸೀನೀರ ಬಾವಿ ಎಂಬುದೊಂದಿತ್ತು ಎಂದು ಎಲ್ಲರಿಗೂ ಗೊತ್ತು. ಎಲ್ಲಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಏಕೆಂದರೆ ಓಣಿಯ ಎರಡೂ ತುದಿಗೆ ನೀವು ಗುಡ್ಡ ಮಾಡಿ ಹೋಗಿದ್ದೀರಿ.

ಆ ಗುಡ್ಡ ಅಗೆಯುವುದೇ ನಮ್ಮ ಬದುಕು. ಅದಕ್ಕೆ ಹಿರೇರ ಪಾಳಿ ಎನ್ನುತ್ತೇವೆ. ಪ್ರತಿ ಮನೆಯಿಂದ ಒಬ್ಬರು ತಿಂಗಳಿಗೆ ಒಂದು ವಾರ ಹಿರಿಯರು ಎಸೆದದ್ದನ್ನು ಅಗೆದು, ಜರಡಿ ಹಿಡಿದು, ತೊಳೆದು, ಬುಟ್ಟಿಗಳಿಗೆ ಹಾಕಬೇಕು. ಮಣ್ಣಾದದ್ದು ಮಾಳಿಗೆಯ ಕಾಯಿಪಲ್ಲೆ ಮಡಿಗಳಿಗೆ ಹೋಗುತ್ತದೆ, ಗಾಜು ಕುಲುಮೆಗೆ ಹೋಗುತ್ತದೆ. ಉಳಿದದ್ದು ಸಾಯದ ಬುಟ್ಟಿಗೆ. ಸಾಯದ ಬುಟ್ಟಿ ದಿನಕ್ಕೆ ಆರು ಸಲ ತುಂಬುತ್ತದೆ, ಆಯಿ. ಶಾಂಪೂ ಚೀಟಿ, ಗುಟ್ಕಾ ಚೀಟಿ, ಮಾತ್ರೆಯ ಪಟ್ಟಿ, ಹಲ್ಲುಜ್ಜುವ ಬ್ರಶ್ಶು, ಥರ್ಮಾಕೋಲಿನ ಗಣಪತಿ ಮಂಟಪ. ಮಕ್ಕಳ ಡೈಪರ್ ಎಂಬುದನ್ನು ನಾನು ಮೊದಲ ಸಲ ಬಿಚ್ಚಿ ನೋಡಿದ ದಿನ ಮೂರು ಹೊತ್ತು ಊಟ ಬಿಟ್ಟೆ. ಆ ಮಗು ಬೆಳೆದು, ಮುದುಕನಾಗಿ, ಸತ್ತು ನೂರು ವರ್ಷವಾಗಿರಬೇಕು. ಅದರ ಹೇಲು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.

ಎಲ್ಲಕ್ಕಿಂತ ಹೇಸಿಗೆ ಎಂದರೆ ಗಂಟುಚೀಲ. ಗಂಟುಚೀಲ ಎಂದರೆ ನಿಮ್ಮ ಪ್ಲಾಸ್ಟಿಕ್ ಕೈಚೀಲ. ಅದರೊಳಗೆ ಅಡುಗೆಮನೆಯದು, ಬಚ್ಚಲದು, ದೇವರ ಮನೆಯದು ಎಲ್ಲವನ್ನೂ ಒಟ್ಟಿಗೆ ತುರುಕಿ ಬಿಗಿಯಾಗಿ ಎರಡು ಗಂಟು ಹಾಕುತ್ತಿದ್ದಿರಿ. ವಾಸನೆ ಹೊರಗೆ ಬರಬಾರದಲ್ಲ! ಬರಲಿಲ್ಲ. ನೂರಾ ಎಪ್ಪತ್ತು ವರ್ಷ ಒಳಗೇ ಕಾದು ಕೂತು, ನಾವು ಗಂಟು ಕೊಯ್ದ ಕೂಡಲೇ ಮುಖಕ್ಕೆ ಬಡಿಯುತ್ತದೆ. ನಿನ್ನೆಯ ಸಾರು, ಪೂಜೆಯ ಹೂವು, ಉದುರಿದ ಕೂದಲು, ಹಳಸಿದ ಅನ್ನ, ಎಲ್ಲವೂ ಒಂದೇ ಕರಿ ಲೋಳೆ. ಮೂಗಿಗೆ ಬೇವಿನೆಣ್ಣೆಯ ಬಟ್ಟೆ ಕಟ್ಟಿಕೊಂಡರೂ ಅದು ತಡೆಯುವುದಿಲ್ಲ. ಛೀ! ಅದೇ ಕೈಯಿಂದ ನೀವು ಉಂಡಿರಿ, ಅದೇ ಕೈಯಿಂದ ಮಕ್ಕಳ ತಲೆ ಬಾಚಿದಿರಿ.

ಚೀಲದಲ್ಲಿ ಯಾರದಾದರೂ ಹೆಸರು ಸಿಕ್ಕರೆ ಅದನ್ನು ಕೂಗುವುದು ಪದ್ಧತಿ. ಔಷಧದ ಚೀಟಿಯೋ, ಶಾಲೆಯ ಪಟ್ಟಿಯೋ ಸಿಕ್ಕಾಗ ಓಣಿಯವರನ್ನೆಲ್ಲ ಕರೆದು, ಹೆಸರು ಓದಿ, ಒಳಗೇನಿತ್ತೆಂದು ಹೇಳಬೇಕು. ಆ ಮನೆತನದವರು ತಲೆ ತಗ್ಗಿಸಿ ನಿಂತು ಕೇಳಬೇಕು, ಆಮೇಲೆ ಆ ವಾರದ ಪಾಳಿ ಪೂರ್ತಿ ಅವರದೇ. ಹದಿನೇಳು ವರ್ಷದಿಂದ ಹೆಸರು ಕೂಗುವವಳು ನಾನು. ಕಂಠ ದೊಡ್ಡದಿದೆ, ನಾಚಿಕೆ ಕಡಿಮೆ. ಮಾಂಸ ಮುಟ್ಟದ ಮನೆತನವೆಂದು ಮೆರೆಯುತ್ತಿದ್ದ ಗಂಗವ್ವ ಕಮಡೊಳ್ಳಿಯ ಹಿರಿಯರ ಚೀಲದಲ್ಲಿ ಕೋಳಿಯ ಎಲುಬು ಸಿಕ್ಕ ದಿನ ನಾನು ಕಟ್ಟೆ ಹತ್ತಿ ಕೂಗಿದ್ದೆ: “ಕಮಡೊಳ್ಳಿಯವರು ಉಂಡು ಬಿಟ್ಟದ್ದ ನೋಡಬರ್ರೆವಾ, ಇನ್ನೂ ಹಂಗ ಐತಿ!” ಗಂಗವ್ವ ಎಂಟು ದಿನ ಮನೆಯಿಂದ ಹೊರಗೆ ಬರಲಿಲ್ಲ. ನನಗೆ ಆಗ ಒಳಗೊಳಗೇ ಖುಷಿಯಾಗಿತ್ತು. ಹೆಬಸೂರರ ಹೆಸರು ಯಾವ ಚೀಲದಲ್ಲೂ ಸಿಕ್ಕಿರಲಿಲ್ಲವಲ್ಲ.

ನಮ್ಮ ಅಜ್ಜಿ ಸಾಯುವವರೆಗೂ ಒಂದು ಮಾತು ಹೇಳುತ್ತಿದ್ದಳು. “ನಮ್ಮ ಮನಿ ಮುಂದ ನಮ್ಮ ಹಿರೇರು ಒಂದ ಕಡ್ಡಿ ಸೈತ ಚೆಲ್ಲಿಲ್ಲ. ಅದು ಹುಟ್ಟುಗುಡ್ಡ, ಕಸದ್ದಲ್ಲ. ಅದನ್ನ ಯಾರೂ ಮುಟ್ಟಬ್ಯಾಡ್ರಿ.” ಆ ಮಾತು ನಂಬಿ ಓಣಿಯವರು ನಮ್ಮ ಬಾಗಿಲೆದುರಿನ ಗುಡ್ಡಕ್ಕೆ ಗುದ್ದಲಿ ಹಾಕಿರಲಿಲ್ಲ. ನಮ್ಮ ತುಳಸಿಕಟ್ಟೆಯೂ ಅದರ ಮೇಲೆಯೇ ಇತ್ತು. ಇಷ್ಟು ವರ್ಷ ಬಾವಿ ಹುಡುಕಿ ಹುಡುಕಿ ಅಗೆದದ್ದು ಆಚೆ ತುದಿಯ ಗುಡ್ಡವನ್ನು.

ಆಚೆ ತುದಿಯಲ್ಲಿಯೇ, ಕಳೆದ ವಾರದ ಗುರುವಾರ, ನನ್ನ ಕೈಗೆ ನಿಮ್ಮ ಚೀಲ ಬಂತು.

ಎರಡು ಗಂಟು, ಬಿಗಿ. ಒಳಗೆ ಬಾಳೆಹಣ್ಣಿನ ಸಿಪ್ಪೆ ಇದ್ದಿರಬೇಕು, ಈಗ ಕರಿ ಗೋಂದು. ಮುರಿದ ಬಾಚಣಿಕೆ. ಒಂದು ಪಾರ್ಸೆಲ್ಲಿನ ಕವರು, ಅದರ ಮೇಲೆ ಅಚ್ಚಾದ ವಿಳಾಸ: ದ್ರಾಕ್ಷಾಯಣಿ ಹೆಬಸೂರ, ಸೀನೀರ ಬಾವಿ ಎದುರಿಗೆ, ಹಗ್ಗದವರ ಓಣಿ. ಅದರ ಜೊತೆಗೆ ಒಂದು ನುಣುಪಾದ ಮದುವೆ ಕಾರ್ಡು, ಹಿಂಬದಿಯಲ್ಲಿ ದಪ್ಪ ಪೆನ್ನಿನ ಬರಹ. ನೀವು ಬೋರ್ಡು ಬರೆಸಲು ಮಾಡಿಕೊಂಡ ಕರಡು ಅದು. ಮೊದಲ ಸಾಲು, “ದಯವಿಟ್ಟು ಬಾವಿಯ ಮೇಲೆ ಕಸ ಹಾಕಬೇಡಿ.” ಅದನ್ನು ಹೊಡೆದು ಹಾಕಿದ್ದೀರಿ. ಎರಡನೆಯದು, “ಕಸ ಹಾಕಿದರೆ ದೇವರು ನೋಡುತ್ತಾನೆ.” ಅದನ್ನೂ ಹೊಡೆದಿದ್ದೀರಿ. ಮೂರನೆಯದರ ಕೆಳಗೆ ಎರಡು ಗೆರೆ ಎಳೆದಿದ್ದೀರಿ: “ಇಲ್ಲಿ ಕಸ ಹಾಕುವವರು ಕತ್ತೆಗಳು.”

ಆ ಕರಡನ್ನು ಚೀಲಕ್ಕೆ ತುರುಕಿ, ಗಂಟು ಹಾಕಿ, ಓಣಿಯ ಉದ್ದಕ್ಕೂ ನಡೆದು, ಇನ್ನೊಬ್ಬರ ಮನೆಯ ಮುಂದೆ ಎಸೆದು ಬಂದಿರಿ! ಆಚೆ ತುದಿಯವರು ನಿಮ್ಮ ಬಾವಿಗೆ, ನೀವು ಆಚೆ ತುದಿಗೆ. ನಡುದಾರಿಯಲ್ಲಿ ಎದುರಾದಾಗ ಏನು ಮಾಡುತ್ತಿದ್ದಿರಿ? ಚೀಲವನ್ನು ಸೆರಗಿನ ಮರೆಗೆ ಹಿಡಿದು, ಊಟ ಆಯ್ತೇನ್ರೀ ಎಂದು ಕೇಳುತ್ತಿದ್ದಿರಾ? ನಮ್ಮ ಅಜ್ಜಿ ಸುಳ್ಳು ಹೇಳಿರಲಿಲ್ಲ. ನಮ್ಮ ಹಿರಿಯರು ತಮ್ಮ ಮನೆಯ ಮುಂದೆ ನಿಜವಾಗಿಯೂ ಒಂದು ಕಡ್ಡಿ ಚೆಲ್ಲಿರಲಿಲ್ಲ.

ಈಗ ನನ್ನ ಹೇಸಿಗೆಯ ಕೆಲಸ ಕೇಳಿ. ಪಾಳಿಯ ಮೇಸ್ತ್ರಿ ಮೌಲಾಸಾಬ ನದಾಫ ಎಂಬ ಹಿರಿಯರು ಪಕ್ಕಕ್ಕೆ ಬಂದು, “ಹೆಸರೇನರ ಸಿಕ್ಕತೇನವಾ?” ಎಂದರು. ನಾನು ಕವರನ್ನೂ ಕಾರ್ಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, “ಇಲ್ಲರೀ” ಎಂದೆ. ಬಾವಿ ಎಲ್ಲಿದೆಯೆಂದು ಆ ಕ್ಷಣವೇ ನನಗೆ ಗೊತ್ತಾಗಿತ್ತು. ನಮ್ಮ ಮನೆಯ ಹೊಸ್ತಿಲುಗಲ್ಲು ನಿಮ್ಮ ಕಾಲದ್ದೇ, ಒಂದು ಗೇಣೂ ಸರಿದಿಲ್ಲ. ಅದರ ಎದುರಿಗೆ ಎಂದರೆ ನಮ್ಮ ತುಳಸಿಕಟ್ಟೆಯ ಅಡಿಗೆ. ಆದರೆ ಬಾವಿಯ ಜಾಗ ಹೇಳಬೇಕೆಂದರೆ ವಿಳಾಸ ತೋರಿಸಬೇಕು, ವಿಳಾಸ ತೋರಿಸಿದರೆ ಹೆಸರು ಕೂಗಬೇಕು. ಮೂರು ದಿನ ಸುಮ್ಮನಿದ್ದೆ. ಆ ಮೂರೂ ದಿನ ಗಂಗವ್ವ, ಅರವತ್ತೆಂಟರ ಹೆಂಗಸು, ಬಾವಿ ಸಿಕ್ಕೀತೆಂದು ತನ್ನದಲ್ಲದ ಪಾಳಿಯಲ್ಲೂ ಬಂದು ಆ ತುದಿಯ ಲೋಳೆಯಲ್ಲಿ ಮೊಣಕಾಲಿನವರೆಗೆ ಇಳಿದು ಅಗೆದಳು. ನಾನು ಪಕ್ಕದಲ್ಲಿ ನಿಂತು ಅವಳಿಗೆ ಬುಟ್ಟಿ ಕೊಡುತ್ತಿದ್ದೆ. ನಿಮ್ಮನ್ನು ನೋಡಿ ಹೇಸಿದ್ದೆನಲ್ಲ, ಅದಕ್ಕಿಂತ ಹೆಚ್ಚು ನನ್ನನ್ನು ನೋಡಿ ಹೇಸಿದೆ. ನನ್ನ ಮೈಯಲ್ಲಿ ಓಡುತ್ತಿರುವುದು ನಿಮ್ಮದೇ ರಕ್ತ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾಲ್ಕನೆಯ ದಿನ ಕಟ್ಟೆ ಹತ್ತಿದೆ. ನಿಮ್ಮ ಹೆಸರು ಓದಿದೆ. ಮುಂದೆ ನಿಂತವರಿಗಷ್ಟೇ ಕೇಳಿಸಿತು. ಮೌಲಾಸಾಬರು ಕೆಳಗಿನಿಂದ, “ಹಿಂಗ ಮೆಲ್ಲಕ ಅಂದ್ರ ಹೆಂಗವಾ? ಹದಿನೇಳ ವರ್ಷ ನಮ್ಮ ಹೆಸರ ಆ ತುದಿಗೆ ಕೇಳೂಹಂಗ ಒದರಿದಿ. ಇದನ್ನೂ ಹಂಗ ಒದರು” ಎಂದರು. ಒದರಿದೆ. ಕರಡಿನ ಮೂರೂ ಸಾಲು ಓದಿದೆ. ಮೂರು ದಿನ ಸೊಂಟದಲ್ಲಿ ಮುಚ್ಚಿಟ್ಟುಕೊಂಡದ್ದನ್ನೂ ಹೇಳಿದೆ. ಯಾರೂ ನಗಲಿಲ್ಲ. ಗಂಗವ್ವ ಕಾಲಿನ ಲೋಳೆ ಒರೆಸಿಕೊಂಡು, “ಇಳಿ ಸುಗಲಾ, ನಿನ್ನ ತುಳಸಿ ಕಿತ್ತು ಈಚೆ ಇಡು. ಗುದ್ದಲಿ ತರತೀನಿ” ಎಂದಳಷ್ಟೇ.

ಇವತ್ತಿಗೆ ಅಗೆಯಲು ಶುರುಮಾಡಿ ಆರು ದಿನ. ಚೀಲಗಳ ಅಡಿಯಲ್ಲಿ ಮೊದಲು ಸಿಕ್ಕದ್ದು ನಿಮ್ಮ ತಗಡಿನ ಬೋರ್ಡು. ಕತ್ತೆಗಳು ಎಂಬ ಅಕ್ಷರ ಇನ್ನೂ ಕೆಂಪಗೆ ಇದೆ. ಅದರ ಮೇಲೆ ಎರಡಾಳು ಎತ್ತರ ಚೀಲ ಬಿದ್ದಿತ್ತು. ಅದರ ಕೆಳಗೆ ಬಾವಿಯ ಕಲ್ಲಿನ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳು. ಬಾಯಿಯ ತುಂಬ ಗಂಟುಚೀಲ, ಒಳಗೂ ಚೀಲವೇ. ಒಂದೊಂದೇ ಮೇಲೆತ್ತುತ್ತಿದ್ದೇವೆ. ವಾರದ ಪಾಳಿ ನನ್ನ ಮನೆಯದಾದರೂ ನಲವತ್ತೊಂದು ಮನೆಯವರೂ ಬರುತ್ತಿದ್ದಾರೆ, ಬೈಯುತ್ತಲೇ ಬರುತ್ತಿದ್ದಾರೆ. ಇಂದು ಬೆಳಿಗ್ಗೆ ಮೇಲೆ ಬಂದ ಚೀಲದ ಹೊರಮೈ ಒದ್ದೆಯಾಗಿತ್ತು. ಮೌಲಾಸಾಬರು ಆ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿ, ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. ಹೊಲಸು ವಾಸನೆಯೇ ಇತ್ತು. ಆದರೆ ಅದು ನೀರು. ಮಾರ್ಚ್ ಮೂವತ್ತಕ್ಕೆ ಇನ್ನೂ ಒಂದು ತಿಂಗಳಿದೆ.

ಆಯಿ, ಇನ್ನು ನನ್ನ ಕೋರಿಕೆ. ಒಂದು ಚೀಲವನ್ನೂ ಎಸೆಯಬೇಡಿ ಎಂದು ನಿಮ್ಮ ಕಾಲು ಹಿಡಿದು ಕೇಳಬೇಕೆಂದು ಕೂತವಳು ನಾನು. ಬರೆಯುತ್ತ ಬರೆಯುತ್ತ ಹೆದರಿಕೆಯಾಯಿತು. ನೀವು ನನ್ನ ಮಾತು ಕೇಳಿ ಸುಮ್ಮನಾದರೂ ಆಚೆ ತುದಿಯವರು ಕೇಳುವವರಲ್ಲ. ಬಾವಿ ಮುಚ್ಚಿಯೇ ಹೋಗುತ್ತದೆ. ಆಗ ಅದು ಎಲ್ಲಿದೆ ಎಂದು ನಮಗೆ ಹೇಳುವವರು ಯಾರು? ಆದ್ದರಿಂದ ಒಂದನ್ನು ಮಾತ್ರ ಎಸೆಯಿರಿ. ಹೆಸರಿರುವ ಆ ಕವರು, ಆ ಮದುವೆ ಕಾರ್ಡು, ಆ ಮುರಿದ ಬಾಚಣಿಕೆ ಹಾಕಿ, ಎರಡು ಗಂಟು ಬಿಗಿದು, ಆಚೆ ತುದಿಗೆ ನಡೆದು ಹೋಗಿ ಎಸೆದು ಬನ್ನಿ. ಯಾರಾದರೂ ಎದುರಾದರೆ ಚೀಲಕ್ಕೆ ಸೆರಗು ಮುಚ್ಚಬೇಡಿ. ಉಳಿದದ್ದೆಲ್ಲ ನಿಮ್ಮ ಮನೆಯಲ್ಲೇ ಇರಲಿ, ನಿಮ್ಮ ಮೂಗಿನ ಕೆಳಗೇ ನಾರಲಿ.

ಇಂತಿ,
ಬೋರ್ಡಿನಲ್ಲಿ ನೀವೇ ಬರೆದ ಕತ್ತೆಯ ವಂಶದವಳು,
ಸುಗಲಾ ಹೆಬಸೂರ